ಎದುರು ಬಣದ ನಾಯಕ

"ಮುನ್ನೋಟ ಬರೆಯೋರು ನೀವೇ ಅಲ್ವಾ?"

ಮೆರಿನ್ ತಲೆಯೆತ್ತಿದಳು. ಮೆಲ್ಬರ್ನ್‌ನಿಂದ ದೂರದ ವೆಂಡಾರಾ ಊರಿನ ಫುಟ್‌ಬಾಲ್ ಕ್ಲಬ್ಬಿನ ಬಾಗಿಲಲ್ಲಿ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಅವನ ಬೆನ್ನ ಹಿಂದಿನಿಂದ ಜುಲೈ ತಿಂಗಳ ಚಳಿಗಾಳಿ ಒಳಗೆ ನುಗ್ಗುತ್ತಿತ್ತು. ಅವನ ಎಡಗೈ ಕೋಟಿನ ಜೇಬಿನಲ್ಲೇ ಇತ್ತು.

"ಹೌದು. ನೀವು?"

"ರೆಡ್‌ಗಮ್ ತಂಡದ ಕೋಚ್."

ಅವಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಇವನೇನಾ ಅವನು... ಒಂದು ವರ್ಷದಿಂದ ದಿನಾ ಫೋನಿನಲ್ಲಿ ಸಂದೇಶ ಕಳಿಸುವವನು? ಅಮ್ಮ ಊಟ ಬಿಟ್ಟ ದಿನ, ಅಣ್ಣನ ಅಂಗಿಗಳನ್ನು ಮಡಿಸಿಟ್ಟ ದಿನ, ಅವಳ ಮಾತನ್ನೆಲ್ಲ ಕೇಳಿಸಿಕೊಂಡವನು?

ಅವರ ಲೀಗ್ ಕಲ್ಪನೆಯದು. ಹದಿನಾರು ಜನ ಕೋಚ್‌ಗಳು. ಫೋನಿನ ಸಂದೇಶಗಳಲ್ಲಿ ಒಬ್ಬರನ್ನೊಬ್ಬರು ತಂಡದ ಹೆಸರಿನಿಂದಲೇ ಕರೆಯುತ್ತಾರೆ. ದೊಡ್ಡ ಲೀಗಿನ ನಿಜವಾದ ಆಟಗಾರರನ್ನು ಆರಿಸಿ ಪ್ರತಿಯೊಬ್ಬರೂ ಕಾಗದದ ಮೇಲೆ ಒಂದೊಂದು ತಂಡ ಕಟ್ಟುತ್ತಾರೆ. ವಾರದ ಕೊನೆಗೆ ಆ ಆಟಗಾರರು ಚೆಂಡನ್ನು ಎಷ್ಟು ಸಲ ಒದ್ದರು, ಎಷ್ಟು ಸಲ ಹಿಡಿದರು ಅನ್ನುವುದೇ ಇವರ ಅಂಕ. ವರ್ಷಕ್ಕೊಮ್ಮೆ ಮಾತ್ರ ತಂಡಗಳೆಲ್ಲ ಸೇರಿ ಎರಡು ಬಣವಾಗುತ್ತವೆ. ನದಿ ಕಡೆಯವರು ಒಂದು, ಗೋಧಿ ಬೆಳೆಯುವ ಒಣನೆಲದವರು, ಅಂದರೆ ಮೆರಿನಳ ಕಡೆಯವರು, ಇನ್ನೊಂದು. ಆ ಪಂದ್ಯಕ್ಕೆ ಮೊದಲು ಒಂದು ಮುನ್ನೋಟ ಬರಬೇಕು. ಯಾರು ಗೆಲ್ಲಬಹುದು, ಯಾರ ಕಾಲು ನೋಯುತ್ತಿದೆ, ಯಾರನ್ನು ಸುಮ್ಮನೆ ಸೇರಿಸಿಕೊಂಡಿದ್ದಾರೆ... ಎಲ್ಲವೂ ಅದರಲ್ಲಿರಬೇಕು.

ಲೀಗ್ ಕಟ್ಟಿದವನು ಮೆರಿನಳ ಅಣ್ಣ ಜೋರಿ. ಎರಡು ವರ್ಷದ ಹಿಂದೆ ಜನವರಿಯ ಕಾಡ್ಗಿಚ್ಚಿನಲ್ಲಿ ಅವನು ಸತ್ತ. ಆಮೇಲೆ ಅವನ ತಂಡವೂ ಮುನ್ನೋಟವೂ ಅವಳ ಪಾಲಿಗೆ ಬಂದವು.

"ಹೇಳೋದಲ್ವಾ ಬರ್ತೀನಿ ಅಂತ!" ಮೆರಿನ್ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ. "ಕೂತ್ಕೋ. ಟೀ ಕುಡೀತೀಯಾ?"

ಅವನು ಕೂರಲಿಲ್ಲ.

"ನದಿ ಬಣಕ್ಕೆ ನನ್ನನ್ನ ನಾಯಕ ಮಾಡಿದ್ದಾರೆ. ಮುನ್ನೋಟದಲ್ಲಿ ನಾಯಕರ ಪೂರ್ತಿ ಹೆಸರು ಹಾಕ್ತೀಯಲ್ಲ... ನೀನು ಅದನ್ನ ಪಟ್ಟಿಯಲ್ಲಿ ಓದೋ ಮೊದಲು ನಾನೇ ಹೇಳ್ಬೇಕಿತ್ತು."

"ಅಂಥಾ ದೊಡ್ಡ ಹೆಸರೇನಪ್ಪಾ ನಿಂದು?"

"ಡರ್ಮಟ್ ಹ್ಯಾಲೊರನ್."

ಅವಳ ಮುಖದ ನಗು ಆರಿಹೋಯಿತು.

ಮುಖ ನೋಡಿರದಿದ್ದರೂ ಆ ಹೆಸರನ್ನು ಅವಳು ತನಿಖಾ ವರದಿಯಲ್ಲಿ ಹತ್ತಾರು ಸಲ ಓದಿದ್ದಳು. ಅಗ್ನಿಶಾಮಕ ವಾಹನದ ಚಾಲಕ: ಡರ್ಮಟ್ ಹ್ಯಾಲೊರನ್. ಗೇಟು ತೆರೆದು ಕುದುರೆಗಳನ್ನು ಬಿಡಲು ಜೋರಿ ಇಳಿದು ಹೋಗಿದ್ದ. ಬೆಂಕಿ ರಸ್ತೆ ದಾಟಿತು. ವಾಹನವನ್ನು ಹಿಂದೆ ತೆಗೆಯಲಾಯಿತು. ವರದಿಯಲ್ಲಿದ್ದದ್ದು ಅಷ್ಟೇ.

ಅಣ್ಣನನ್ನು ಬಿಟ್ಟು ಓಡಿಬಂದವನು. ಶವಸಂಸ್ಕಾರಕ್ಕೂ ಮುಖ ತೋರಿಸದವನು.

"ಗೊತ್ತಿತ್ತು ನಿಂಗೆ," ಅಂದಳು ಅವಳು. "ನಾನ್ಯಾರು ಅಂತ ಮೊದಲ ದಿನದಿಂದ ಗೊತ್ತಿತ್ತು."

"ಗೊತ್ತಿತ್ತು. ಮೊದಲ ದಿನವೇ ಹೇಳೋಣ ಅಂತಾನೇ ಬರೆದೆ. ನೀನು ನಿನ್ನ ಎತ್ತರದ ಆಟಗಾರ ಒಕೆಡನ್‌ನ ಮಾರ್ಲಾ ಬೇಡ್ವಾ ಅಂತ ಕೇಳ್ದೆ. ಆಮೇಲೆ ಅಮ್ಮನ ಬಗ್ಗೆ ಹೇಳ್ದೆ. ಆಮೇಲೆ... ನಂಗೆ ಧೈರ್ಯ ಬರ್ಲಿಲ್ಲ, ಮೆರಿನ್."

"ಅವತ್ತೂ ಬಂದಿರ್ಲಿಲ್ಲ, ಅಲ್ವಾ?"

ಅವನು ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ.

"ಹೊರಗೆ ಹೋಗು."

ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ. ಮೆರಿನ್ ಫೋನ್ ತೆಗೆದು ಒಂದು ವರ್ಷದ ಸಂದೇಶಗಳನ್ನು ಅಳಿಸಲು ಹೊರಟಳು. ಬೆರಳು ಏಳಲಿಲ್ಲ. ಅದಕ್ಕೂ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ, ಬುಧವಾರ, ಮುನ್ನೋಟ ಎಲ್ಲರ ಫೋನಿಗೂ ಹೋಯಿತು. ಒಕೆಡನ್‌ನ ತೊಡೆನೋವು, ಒಣನೆಲದವರ ಗಟ್ಟಿ ರಕ್ಷಣೆ, ಎಲ್ಲ ಎಂದಿನಂತೆಯೇ ಇತ್ತು. ಕೊನೆಯ ಸಾಲುಗಳು ಮಾತ್ರ ಬೇರೆ.

'ನದಿ ಬಣದ ನಾಯಕ ಡರ್ಮಟ್ ಹ್ಯಾಲೊರನ್. ಬಿಸಿ ಏರಿದಾಗ ಜೊತೆಗಾರನನ್ನು ಬಿಟ್ಟು ಹಿಂದೆ ಸರಿಯುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಒಣನೆಲದವರು ಹೆದರಬೇಕಿಲ್ಲ.'

ಮಧ್ಯಾಹ್ನ ಲೀಗಿನ ಕಾರ್ಯದರ್ಶಿ ಗ್ಲೆನಿಸ್ ಫೋನ್ ಮಾಡಿದಳು. ಯಾವಾಗಲೂ ಬೈಗುಳದಿಂದಲೇ ಮಾತು ಶುರು ಮಾಡುವ ಹೆಂಗಸು ಇವತ್ತು ಬೈಯಲಿಲ್ಲ.

"ಓದಿದ್ರಾ?" ಮೆರಿನ್ ಕೇಳಿದಳು.

"ಎಲ್ರೂ ಓದಿದ್ರು. ಯಾರೂ ನಗ್ಲಿಲ್ಲ ಕಣೆ."

"ನಗ್ಲಿ ಅಂತ ಬರೀಲಿಲ್ಲ."

"ಅವನು ಹೆಸರು ತೆಗೆಸ್ಕೊಂಡ. ಲೀಗೂ ಬಿಡ್ತಾನಂತೆ. ಬಾದಾಮಿ ತೋಟದ ಕೆಲಸಾನೂ ಬಿಟ್ಟು ಪಶ್ಚಿಮಕ್ಕೆ, ಗಣಿ ಕಡೆ ಹೋಗ್ತಾನಂತೆ. ನಿಂಗೆ ಸಮಾಧಾನ ಆಯ್ತಾ?"

ಆಗಬೇಕಿತ್ತು. ಆಗಿರಲಿಲ್ಲ.

ಗುರುವಾರ ಬೆಳಗ್ಗೆ ವಾರಿಕ್ ಮಾವ ಬಂದ. ಅಮ್ಮನ ಒಬ್ಬನೇ ತಮ್ಮ, ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ. ಬೆಂಕಿಯ ದಿನ ವಾಹನದಲ್ಲಿದ್ದ ಮೂರನೆಯವನು ಅವನೇ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಮಾವ ಟೋಪಿ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟ.

"ಅದನ್ನ ವಾಪಸ್ ತಗೋ, ಮಗಳೇ."

"ಯಾವುದನ್ನ?"

"ಹ್ಯಾಲೊರನ್ ಬಗ್ಗೆ ಬರೆದದ್ದನ್ನ."

"ಸುಳ್ಳಾ ಅದು?"

ಮಾವ ಕುರ್ಚಿ ಎಳೆದುಕೊಂಡು ಕೂತ.

"ಅವನು ಗಾಡಿ ಹಿಂದೆ ತೆಗೆಯಲ್ಲ ಅಂದ. ಜೋರಿ ಬರೋವರೆಗೂ ನಿಲ್ತೀನಿ ಅಂದ. ನಾನು ಬೈದೆ, ಹೊಡೆದೆ, ಜಗ್ಗಲಿಲ್ಲ. ಕೊನೆಗೆ ಬಾಗಿಲು ತೆಗೆದು ಹಾರಿ ಒಳಗೆ ಓಡಿದ. ಬರೀ ಒಂದು ಕಂಬಳಿ ಹೊದ್ಕೊಂಡು. ಜೋರಿ ಬಿದ್ದಲ್ಲಿಂದ ಇಪ್ಪತ್ತು ಹೆಜ್ಜೆ ದೂರದವರೆಗೂ ಹೋಗಿದ್ದ. ನಾನು ಹೋಗಿ ಎಳ್ಕೊಂಡು ಬಂದೆ. ಅವನ ಎಡಗೈ... ಚರ್ಮವೇ ಇರ್ಲಿಲ್ಲ. ಮೂರು ತಿಂಗಳು ಮೆಲ್ಬರ್ನ್ ಆಸ್ಪತ್ರೇಲಿದ್ದ. ಶವಸಂಸ್ಕಾರಕ್ಕೆ ಎಲ್ಲಿಂದ ಬರ್ತಾನೆ?"

"ಮತ್ತೆ ವಾಹನ?"

"ಅವನನ್ನ ಒಳಗೆ ಮಲಗಿಸಿ ರಿವರ್ಸ್ ಹಾಕಿದ್ದು ನಾನು," ಅಂದ ಮಾವ. "ನಿಂತಿದ್ರೆ ಮೂವರೂ ಹೋಗ್ತಿದ್ವಿ. ಈಗ್ಲೂ ಹಾಗೇ ಅನ್ಸತ್ತೆ. ಆದ್ರೂ ದಿನಾ ಅದೇ ಕನಸು."

"ಯಾಕೆ ಹೇಳ್ಲಿಲ್ಲ? ಎರಡು ವರ್ಷ... ಯಾಕೆ?"

"ಆಸ್ಪತ್ರೇಲಿ ನಾನೇ ಅವನ ಹತ್ರ ಹೇಳ್ದೆ, ನಾಳೆ ನಿಜ ಹೇಳಿಬಿಡ್ತೀನಿ ಅಂತ. ಅವನಂದ, 'ಆ ತಾಯಿ ಮಗನ್ನ ಕಳ್ಕೊಂಡಿದ್ದಾರೆ. ಈಗ ತಮ್ಮನ್ನೂ ಕಳ್ಕೋಬೇಕಾ? ನಂಗೆ ಇಲ್ಲಿ ಯಾರೂ ಇಲ್ಲ. ನನ್ನ ಮೇಲೇ ಇರ್ಲಿ ಬಿಡಿ.' ನಾನು ಬಿಟ್ಟೆ, ಮಗಳೇ. ತನಿಖೆಯಲ್ಲೂ ಹೇಳ್ಲಿಲ್ಲ. ಹೇಡಿ ನಾನು. ಅವನಲ್ಲ."

ಹಿತ್ತಲ ಬಾಗಿಲ ಸದ್ದಾಯಿತು. ಅಮ್ಮ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದಳು.

ಮಾವ ಎದ್ದು ನಿಂತ. "ನೀನು ಬರೆಯೋದನ್ನ ಬರಿ. ಅಕ್ಕನಿಗೆ ನಾನೇ ಹೇಳ್ತೀನಿ."

ಮೆರಿನ್ ಹೊರಗೆ ಮೆಟ್ಟಿಲ ಮೇಲೆ ಕೂತು ಕಾದಳು. ಒಳಗಿನಿಂದ ಮಾವನ ದನಿ ಮಾತ್ರ ಕೇಳುತ್ತಿತ್ತು. ಅಮ್ಮ ಕೂಗಾಡಲಿಲ್ಲ, ಅಳಲೂ ಇಲ್ಲ. ಕೊನೆಗೆ ಒಂದೇ ಮಾತು ಹೇಳಿದಳು.

"ಹೋಗು, ವಾರಿಕ್."

ಮಾವ ಟೋಪಿಯನ್ನೂ ಮರೆತು ನಡೆದುಹೋದ. ಎರಡು ವರ್ಷ ನಿಜ ಮುಚ್ಚಿಟ್ಟು ಅವನು ಉಳಿಸಿಕೊಂಡಿದ್ದ ಅಕ್ಕನ ನಂಟು ಹಾಗೆ ಮುಗಿಯಿತು.

ಶುಕ್ರವಾರ ಮಧ್ಯಾಹ್ನ ಮೆರಿನ್ ನದಿ ಕಡೆಗೆ ಕಾರು ಓಡಿಸಿದಳು. ಎಲೆಯುದುರಿದ ಬಾದಾಮಿ ಮರಗಳ ಸಾಲಿನ ಕೊನೆಗೆ ತಗಡಿನ ಮನೆ. ಅದರ ಮುಂದೆ ಡರ್ಮಟ್ ತನ್ನ ಪಿಕಪ್ ಗಾಡಿಗೆ ಹಾಸಿಗೆ ಕಟ್ಟುತ್ತಿದ್ದ. ಈಗ ಎಡಗೈ ಕಾಣುತ್ತಿತ್ತು. ಕೆಂಪಗೆ ಸುಕ್ಕುಗಟ್ಟಿದ್ದ ಆ ಕೈಯ ಎರಡು ಬೆರಳು ಮಡಚುತ್ತಿರಲಿಲ್ಲ.

ಅವಳನ್ನು ನೋಡಿ ಅವನು ಕೈಯನ್ನು ಜೇಬಿಗೆ ಹಾಕಲು ಹೋದ.

"ಬೇಡ," ಅಂದಳು. "ಮುಚ್ಕೋಬೇಡ."

"ಗ್ಲೆನಿಸ್ ಕಳಿಸಿದ್ಲಾ?"

"ಇಲ್ಲ. ವಾರಿಕ್ ಮಾವ ಎಲ್ಲಾ ಹೇಳಿದ."

ಅವನ ಮುಖ ಬಿಳಿಚಿಕೊಂಡಿತು. "ನಿಮ್ಮಮ್ಮನಿಗೂ?"

"ಅಮ್ಮನಿಗೂ."

"ಹೇಳಬಾರದಿತ್ತು," ಅವನು ಗಾಡಿಗೆ ಒರಗಿ ನಿಂತ. "ಇದಕ್ಕೇ ಸುಮ್ಮನಿದ್ದೆ ನಾನು. ಇದೊಂದಕ್ಕೇ."

"ಸುಮ್ಮನಿದ್ದು ನನ್ನ ಕೈಲಿ ಅಂಥಾ ಮಾತು ಬರೆಸ್ದೆ. ಕ್ಷಮಿಸು ಅಂತ ಕೇಳೋಕೂ ನಾಚಿಕೆ ಆಗತ್ತೆ." ಅವಳು ಫೋನ್ ತೆಗೆದಳು. "ಇದು ಒಂದು ಗಂಟೆ ಹಿಂದೆ ಎಲ್ರಿಗೂ ಹೋಯ್ತು. ಓದ್ತೀನಿ, ಕೇಳು."

'ಬುಧವಾರದ ಮುನ್ನೋಟದಲ್ಲಿ ನದಿ ಬಣದ ನಾಯಕನ ಬಗ್ಗೆ ನಾನು ಬರೆದದ್ದು ಸುಳ್ಳು. ಬೆಂಕಿ ರಸ್ತೆ ದಾಟಿದ ಮೇಲೆ ನನ್ನ ಅಣ್ಣ ಜೋರಿಗಾಗಿ ಅದರೊಳಗೆ ಹೋದವರು ಡರ್ಮಟ್ ಹ್ಯಾಲೊರನ್. ಅಣ್ಣ ಸಾಯುವಾಗ ಒಂಟಿಯಾಗಿದ್ದ ಎಂದು ನಾನು ಎರಡು ವರ್ಷ ಅತ್ತೆ. ಅವನ ಕಡೆಗೆ ಒಬ್ಬರು ಓಡಿ ಬರುತ್ತಿದ್ದರು. ನಾಳೆ ನದಿ ಬಣವೇ ಗೆಲ್ಲುತ್ತದೆ ಎಂದು ನನಗನ್ನಿಸುತ್ತದೆ. ಅವರು ನಾಯಕನ ಹೆಸರನ್ನು ಮತ್ತೆ ಪಟ್ಟಿಗೆ ಸೇರಿಸಿದರೆ.'

ಅವನು ಮುಖ ತಿರುಗಿಸಿಕೊಂಡ.

"ಜೋರಿ ಕೂಗ್ತಿದ್ದ," ಮೆಲ್ಲಗೆ ಹೇಳಿದ. "ನಾನು ಬರ್ತಿದೀನಿ, ಬರ್ತಿದೀನಿ ಅಂತ ಕೂಗ್ದೆ. ಕೇಳಿಸ್ತೋ ಇಲ್ವೋ... ಆಮೇಲೆ ಅವನ ದನಿ ನಿಂತೋಯ್ತು. ನಾನು ಅವನ ಹತ್ರ ಮುಟ್ಲಿಲ್ಲ, ಮೆರಿನ್. ಇಪ್ಪತ್ತು ಹೆಜ್ಜೆ."

ಅವಳು ಹತ್ತಿರ ಹೋಗಿ ಆ ಸುಟ್ಟ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಇಬ್ಬರೂ ಹಾಗೇ ನಿಂತು ಅತ್ತರು. ಅದುವರೆಗೆ ಯಾರೆದುರೂ ಹಾಗೆ ಅತ್ತಿರಲಿಲ್ಲ.

"ಇವತ್ತೇ ಹೊರಡ್ತಿದ್ಯಾ?"

"ಹೂಂ."

"ಹೋಗ್ಬೇಡ."

"ಕರುಣೆಯಿಂದ ಹೇಳ್ತಿದೀಯಾ?"

"ಅಲ್ಲ. ಮಂಗಳವಾರ ನೀನು ರೆಡ್‌ಗಮ್ ಕೋಚ್ ಅಂದಾಗ, ಹೆಸರು ಗೊತ್ತಾಗೋ ಮೊದಲು... ಆ ಒಂದು ನಿಮಿಷ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಒಂದು ವರ್ಷದಿಂದ ನಿನ್ನನ್ನೇ ಪ್ರೀತಿಸ್ತಿದೀನಿ, ಡರ್ಮಟ್. ಮುಖ ಒಂದು ಗೊತ್ತಿರ್ಲಿಲ್ಲ."

"ನಿಮ್ಮಮ್ಮ ನನ್ನನ್ನ ಮನೆಗೆ ಬರೋಕೆ ಬಿಡ್ತಾರಾ?"

"ಈಗ ಬಿಡಲ್ಲ. ಅವಳಿಗೆ ಈಗ ಯಾರೂ ಬೇಡ. ನಾನೂ ಬೇಡ. ತುಂಬಾ ದಿನ ಹೀಗೇ ಇರತ್ತೆ."

"ಕಷ್ಟ ಆಗತ್ತೆ, ಮೆರಿನ್. ಈ ಊರಲ್ಲಿ ನನ್ನ ಜೊತೆ ಇರೋದು."

"ಆಗ್ಲಿ. ನೀನಿಲ್ಲದೆಯೂ ಕಷ್ಟಾನೇ ಆಗಿತ್ತು."

ಅವನು ನಿಧಾನವಾಗಿ ಹಾಸಿಗೆಗೆ ಕಟ್ಟಿದ ಹಗ್ಗದ ಗಂಟಿಗೆ ಕೈ ಹಾಕಿದ. ಎರಡು ಬೆರಳು ಮಡಚದ ಕಾರಣ ಗಂಟು ಬಿಚ್ಚಲಿಲ್ಲ.

"ಬಿಡು, ನಾನು ಬಿಚ್ತೀನಿ," ಅಂದಳು ಮೆರಿನ್.

"ಇಬ್ಬರೂ ಸೇರಿ ಬಿಚ್ಚೋಣ," ಅಂದ ಅವನು.