ಮೇಸ್ತ್ರಿಯ ಹೆಬ್ಬೆರಳು

"ನನ್ನ ಬಟ್ಟೆನೇ ಕಣಮ್ಮ. ಅಲ್ಲ ಅಂತ ಹೇಗೆ ಹೇಳ್ಲಿ?" ಎಂದು ಒಲೆ ಮೇಸ್ತ್ರಿ ನಮ್ಮ ಬಾಗಿಲಲ್ಲಿ ನಿಂತು ಅತ್ತೇಬಿಟ್ಟರು. ಹಲ್ಲುಜ್ಜುತ್ತಾ ಫೋನ್ ನೋಡುತ್ತಿದ್ದ ನಾನು ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿದೆ.

ಅವರನ್ನು ಒಳಗೆ ಕರೆದು ಕೂರಿಸಿದ್ದು ನನ್ನ ದೊಡ್ಡಮ್ಮ. ವಿಮಾ ಕಂಪನಿಯ ಪರವಾಗಿ ಇಪ್ಪತ್ತೈದು ವರ್ಷ ಸುಟ್ಟ ಮನೆಗಳ ಬೂದಿ ಕೆದಕಿದವರು. ನಿವೃತ್ತಿಯಾದ ಮೇಲೆ ಟೀಚರಮ್ಮನ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದರು. ಬೀದಿಯವರ ಬಾಯಲ್ಲಿ ಅವರು 'ಭೂತಗನ್ನಡಿ ದೊಡ್ಡಮ್ಮ'. ಕಾಲೇಜಿಗೆಂದು ಬಂದು ಅಲ್ಲೇ ಠಿಕಾಣಿ ಹೂಡಿದ ನಾನು ಅವರ ಬಾಲ.

ನಡೆದದ್ದು ಇಷ್ಟು. ಟೀಚರಮ್ಮನ ಹಜಾರದ ಹಳೇ ಅಗ್ಗಿಷ್ಟಿಕೆ ಸೌದೆ ತಿನ್ನುತ್ತಿತ್ತೇ ಹೊರತು ಕಾವು ಕೊಡುತ್ತಿರಲಿಲ್ಲ. ಶಾಖವೆಲ್ಲ ಚಿಮಣಿ ಹತ್ತಿ ಹೋಗುತ್ತಿತ್ತು. ಮೇಸ್ತ್ರಿ ಅದರ ಹೊಟ್ಟೆಯೊಳಗೆ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಕೂರಿಸಿ, ಚಿಮಣಿಯುದ್ದಕ್ಕೂ ಸ್ಟೀಲ್ ಪೈಪ್ ಇಳಿಸಿ, ಶಾಖ ಸೋರದಂತೆ ಅದಕ್ಕೆ ದಪ್ಪ ಹೊದಿಕೆ ಸುತ್ತಿದ್ದರು. ಮೂರು ದಿನ ಅರ್ಧ ಸೌದೆಯಲ್ಲೇ ಹಜಾರ ಬೆಚ್ಚಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ಮನೆ ತುಂಬ ಹೊಗೆ. ಟೀಚರಮ್ಮ ಪ್ರಜ್ಞೆ ತಪ್ಪಿ ಬಿದ್ದರು. ಕೆಳಗೆ ಒಲೆಯಿಂದ ಕೊಕ್ಕೆ ಹಾಕಿ ಎಳೆದಾಗ ಪೈಪಿನೊಳಗೆ ಸಿಕ್ಕಿದ್ದು ಮೇಸ್ತ್ರಿಯ ನೀಲಿ ಗೆರೆಯ ಒರೆಸುವ ಬಟ್ಟೆಯ ಉಂಡೆ.

"ನಾಲ್ಕು ಗಂಟೆಗೆ ಅಗ್ನಿಶಾಮಕದ ಸಾಹೇಬ್ರು ಬರ್ತಾರೆ. ಲೈಸೆನ್ಸ್ ಕಿತ್ಕೊಂಡ್ರೆ ನನ್ನ ಕಥೆ ಮುಗೀತು. ನಾನೇ ಒಳಗೆ ಮರೆತಿರ್ಬೇಕು. ಬೈಂಡರ್ರೂ ಹಾಗೇ ಅಂದ."

ಬೈಂಡರ್ ಮಾಮ ಟೀಚರಮ್ಮನ ತಮ್ಮ. ಮಹಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಮೇಸ್ತ್ರಿಗೆ ಒಂದನೇ ಕ್ಲಾಸಿನಿಂದ ಜೀವದ ಗೆಳೆಯ. ನನ್ನ ನೋಟ್ಸಿಗೆಲ್ಲ ಪುಕ್ಕಟೆ ಬೈಂಡ್ ಹಾಕಿಕೊಟ್ಟ ದೇವರಂಥ ಮನುಷ್ಯ.

"ಆ ಪೈಪಿಗೆ ಎಷ್ಟು ಬಾಯಿ?" ದೊಡ್ಡಮ್ಮ ಕೇಳಿದರು.

"ಕೆಳಗೆ ಒಲೆ. ಮೇಲೆ ಸೂರಿನ ಮೇಲಿನ ಟೋಪಿ. ಮಧ್ಯೆ, ಮಸಿ ತೆಗೆಯೋಕೆ ಮಹಡಿ ಗೋಡೆಯಲ್ಲಿ ಒಂದು ಪುಟ್ಟ ಕಬ್ಬಿಣದ ಬಾಗಿಲು. ಟೋಪಿಗೂ ಬಾಗಿಲಿಗೂ ಸುತ್ತ ಕರಿ ಒಲೆ ಸಿಮೆಂಟ್ ಮೆತ್ತಿ ಹೆಬ್ಬೆರಳು ಒತ್ತಿರ್ತೀನಿ. ನಮ್ಮಪ್ಪನ ಕಾಲದಿಂದ ಅದೇ ನಮ್ಮ ರುಜು."

"ನಂಗೆ ಪಕ್ಕದ್ಮನೆ ವಕೀಲರ ಮೇಲೇ ಡೌಟು," ಎಂದೆ. "ಸೂರಿನ ಮೇಲಿನ ಹೊಸ ಪೈಪು ಕಣ್ಣಿಗೆ ಚುಚ್ಚುತ್ತೆ ಅಂತ ಮೂರು ದಿನದಿಂದ ಕೂಗಾಡ್ತಿದ್ದಾರೆ."

"ಮೊದಲು ಬಾಯಿ ತೊಳ್ಕೊಂಡು ಬಾ," ಎಂದರು ದೊಡ್ಡಮ್ಮ.

ಏಣಿ ಹತ್ತಿ ನೋಡಿದೆವು. ಟೋಪಿಯ ಸಿಮೆಂಟಿನಲ್ಲಿ ಬಿರುಕಿಲ್ಲ, ಹೆಬ್ಬೆರಳ ಗುರುತು ಅಚ್ಚಳಿಯದೆ ಇತ್ತು. ಆದರೆ ವಕೀಲರು ಹೊಗೆ ತುಂಬುವ ಹಿಂದಿನ ದಿನ ಪುಸ್ತಕ ಕೊಡಲು ಮಹಡಿಗೂ ಬಂದಿದ್ದರಂತೆ. ನನ್ನ ಡೌಟು ಹಾಗೇ ಉಳಿಯಿತು.

ಮಹಡಿಯಲ್ಲಿ ಬೈಂಡರ್ ಮಾಮ ಮಫ್ಲರ್ ಸುತ್ತಿಕೊಂಡು ಚಹಾ ಕೊಟ್ಟರು. ಗೋಡೆಗೊರಗಿಸಿದ್ದ ರಟ್ಟುಗಳೆಲ್ಲ ಸೊಟ್ಟಗಾಗಿದ್ದವು. "ಮುಟ್ಬೇಡ ಪುಟ್ಟಿ, ಇನ್ನೂ ಒಣಗಿಲ್ಲ," ಎಂದರು. ಪಕ್ಕದಲ್ಲೇ ಕಬ್ಬಿಣದ ಬಾಗಿಲು, ಅದರ ಸುತ್ತ ನುಣ್ಣಗೆ ಮೆತ್ತಿದ ಕರಿ ಪಟ್ಟಿ. ನೆಲದಿಂದ ಅಲ್ಲಿಯವರೆಗೆ ಇರುವೆ ಸಾಲು.

"ಪಾಪ, ಇರುವೆಗಳಿಗೂ ಚಳಿ! ಒಲೆ ಹುಡುಕ್ಕೊಂಡು ಹೊರಟಿವೆ," ಎಂದು ನಾನು ನಕ್ಕೆ. ದೊಡ್ಡಮ್ಮ ನಗಲಿಲ್ಲ. ಗೋಡೆಗೆ ಅಂಗೈ ಇಟ್ಟರು, ಕರಿ ಪಟ್ಟಿಯನ್ನು ಉಗುರಲ್ಲಿ ಕೆರೆದು ಮೂಸಿದರು. ಚಹಾ ಮುಟ್ಟದೆ ಇಳಿದು ಬಂದರು.

ನಾಲ್ಕು ಗಂಟೆಗೆ ಹಜಾರದಲ್ಲಿ ಎಲ್ಲರೂ ಸೇರಿದರು. ಟೀಚರಮ್ಮ ಕಂಬಳಿ ಹೊದ್ದು ಕೆಮ್ಮುತ್ತಿದ್ದರು. ಮೇಸ್ತ್ರಿ ಲೈಸೆನ್ಸನ್ನು ಆಗಲೇ ಕೈಯಲ್ಲಿ ಹಿಡಿದು ನಿಂತಿದ್ದರು.

"ಅದನ್ನ ಜೇಬಿಗೆ ಇಡಪ್ಪ," ಎಂದರು ದೊಡ್ಡಮ್ಮ. "ಸಾಹೇಬ್ರೇ, ಬಟ್ಟೆ ಮೊದಲಿಂದ ಒಳಗಿದ್ದಿದ್ರೆ ಮೊದಲ ದಿನವೇ ಹೊಗೆ ಬರ್ತಿತ್ತು. ಅಂದ್ರೆ ಆಮೇಲೆ ಯಾರೋ ತುರುಕಿದ್ದಾರೆ. ಒಲೆ ಕಡೆಯಿಂದಲ್ಲ, ಅಲ್ಲಿ ಮೂರು ದಿನವೂ ಬೆಂಕಿ ಆರಿಲ್ಲ. ಟೋಪಿ ಅಲುಗಿಲ್ಲ. ಉಳಿದದ್ದು ಮಹಡಿ ಬಾಗಿಲು. ಅಲ್ಲಿ ಹೆಬ್ಬೆರಳಿಲ್ಲ. ಯಾರೋ ತೆಗೆದು ಮತ್ತೆ ಮೆತ್ತಿದ್ದಾರೆ. ಯಾವುದರಿಂದ? ಇರುವೆ ಸಿಮೆಂಟ್ ತಿನ್ನಲ್ಲ. ಅದು ಮಸಿ ಕಲಸಿದ ಮೈದಾ ಅಂಟು. ಕಾವಿಗೆ ಸುಟ್ಟ ಬ್ರೆಡ್ಡಿನ ವಾಸನೆ ಬಂದಿದೆ."

"ನಾನಂತೂ ಅಂಟು ಕಲಸಿದವನಲ್ಲ!" ವಕೀಲರು ಕೂಗಿದರು.

"ಗೊತ್ತು ಸ್ವಾಮಿ, ಕೂತ್ಕೊಳ್ಳಿ. ಹೊಸ ಒಲೆಯಿಂದ ಹಜಾರ ಬೆಚ್ಚಗಾಯ್ತು, ಮಹಡಿ ಗೋಡೆ ತಣ್ಣಗಾಯ್ತು. ಆ ಗೋಡೆಯ ಕಾವಲ್ಲೇ ಇಷ್ಟು ವರ್ಷ ಪುಸ್ತಕ ಒಣಗ್ತಿದ್ದದ್ದು. ಅಲ್ವೇನಪ್ಪ?"

ಬೈಂಡರ್ ಮಾಮ ಮಫ್ಲರ್ ಬಿಚ್ಚಿದರು, ಮತ್ತೆ ಸುತ್ತಿಕೊಂಡರು. "ಅವನು ಮಹಡೀಲಿ ಬಿಟ್ಟು ಹೋದ ಬಟ್ಟೆ... ಸ್ವಲ್ಪ ಹೊಗೆ ಬಂದ್ರೆ ಅಕ್ಕ ಹಳೇ ಅಗ್ಗಿಷ್ಟಿಕೆನೇ ಸಾಕು ಅಂತಾಳೆ ಅಂದ್ಕೊಂಡೆ."

"ನಾನು ಬಿದ್ದ ಮೇಲಾದ್ರೂ ಬಾಯಿ ಬಿಡಬಹುದಿತ್ತಲ್ಲೋ," ಎಂದರು ಟೀಚರಮ್ಮ.

ಮೇಸ್ತ್ರಿ ಗೆಳೆಯನ ಕಡೆ ತಿರುಗಿದರು. "ಹೊದಿಕೆ ಎರಡು ಮೊಳ ಬಿಚ್ಚಿದ್ರೆ ನಿನ್ನ ಗೋಡೆ ಬಿಸಿಯಾಗ್ತಿತ್ತು ಕಣೋ. ಒಂದು ಮಾತು ಹೇಳಿದ್ರೆ ಸಾಕಿತ್ತು. 'ನೀನೇ ಮರೆತಿದ್ದೀಯ' ಅಂದೆ. ನನ್ನ ಹೆಬ್ಬೆರಳಿಗಿಂತ ನಿನ್ನ ಮಾತು ನಂಬಿದ್ನಲ್ಲೋ."

ಸಾಹೇಬರು ಬೈಂಡರ್ ಮಾಮನ ಹೇಳಿಕೆ ಬರೆದುಕೊಳ್ಳಲು ಶುರುಮಾಡಿದರು.

ಮೇಸ್ತ್ರಿ ಮಹಡಿ ಹತ್ತಿ ಅಂಟನ್ನೆಲ್ಲ ಕೆರೆದು, ಹೊಸ ಸಿಮೆಂಟ್ ಮೆತ್ತಿ, ಹೆಬ್ಬೆರಳು ಒತ್ತಿದರು. ಇನ್ನೇನು ಇಳಿಯಬೇಕು, ತಿರುಗಿ ನನ್ನ ಕಡೆ ನೋಡಿದರು.

"ನಿನ್ನ ಫೋನಲ್ಲಿ ಇದರ ಒಂದು ಫೋಟೋ ತೆಗೆದುಬಿಡು ಮಗಳೇ. ತಾರೀಖು ಬೀಳೋ ಹಾಗೆ."