ನಿಂಗವ್ವನ ಎಡಗೈ ಮತ್ತು ತಂತಿಯಿಲ್ಲದ ಮೌಸ್

ಬಹಳ ಹಿಂದೆ, ಗುಡ್ಡಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಸೋನೆಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಕರಾಳಕೇತ ಎಂಬ ಮಾಂತ್ರಿಕ ಬಂದು ವಕ್ಕರಿಸಿದ. ಬಂದವನೇ ಅರಮನೆಯ ಸಭೆಯಲ್ಲಿ ಗೋಡೆಯಗಲದ ಕಂಪ್ಯೂಟರ್ ಪರದೆ ನಿಲ್ಲಿಸಿದ. ಅದರಲ್ಲಿ ಯಾರ ಪ್ರತಿಬಿಂಬ ಬೀಳುತ್ತದೋ ಅವರ ಮೇಲೆ ಮೌಸಿನ ಬಾಣ ತಂದು ಒತ್ತಿದರೆ ಸಾಕು, ಮನುಷ್ಯ ಮಾಯ! ಪರದೆಯೊಳಗೆ ಹೆಬ್ಬೆರಳುದ್ದದ ಚಿತ್ರವಾಗಿ ಕೂತುಬಿಡುತ್ತಿದ್ದ. ಮೊದಲು ರಾಜ ಹೋದ. ಆಮೇಲೆ ಮಂತ್ರಿ ಹೋದ. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡಿತು.

ಆ ಊರಲ್ಲಿ ಕಂಬಳಿ ನೇಯುವ ನಿಂಗವ್ವ ಇದ್ದಳು. ಹುಟ್ಟಾ ಎಡಚಿ. ಗಂಡ ಮಾಳಪ್ಪನದು ದಿನಾ ಅದೇ ತಕರಾರು: "ಉಣ್ಣೂವಾಗರ ಆ ಎಡಗೈ ಬಿಡ. ನೋಡಿದವರು ನಗತಾರ." ಒಂದು ದಿನ ಇಬ್ಬರೂ ಅರಮನೆಗೆ ಕಂಬಳಿ ಕೊಡಲು ಹೋದರು. ಮಾಳಪ್ಪ ತಿಳಿಯದೆ ಪರದೆಯ ಮುಂದೆ ಹಾದ. ಟಕ್ ಎಂದಿತು. ಕಂಬಳಿ ನೆಲಕ್ಕೆ ಬಿತ್ತು, ಅದನ್ನು ಹೊತ್ತವನಿಲ್ಲ! ಮಾಂತ್ರಿಕ ಅವನ ಚಿತ್ರವನ್ನು ದರದರ ಎಳೆದು ಪರದೆಯ ಮೂಲೆಯ ಕಸದ ಬುಟ್ಟಿಗೆ ಹಾಕಿದ.

"ನಾಳೆ ಹೊತ್ತು ಮುಳುಗುವಾಗ ಬುಟ್ಟಿ ಖಾಲಿ ಮಾಡುತ್ತೇನೆ. ಆಮೇಲೆ ಬ್ರಹ್ಮ ಬಂದರೂ ಇವನು ಸಿಗುವುದಿಲ್ಲ," ಎಂದು ನಕ್ಕ.

ನಿಂಗವ್ವ ಪರದೆಗೆ ಕಾಣದಂತೆ ಹೊರಗೆ ನುಸುಳಿದಳು. ಓಡುತ್ತ ಗುಡ್ಡ ಹತ್ತಿ, ಅಲ್ಲಿ ಮಾಯದ ಉಪಕರಣ ಮಾಡುವ ಗೌರಜ್ಜಿಯ ಗುಹೆ ಮುಟ್ಟಿದಳು.

"ಅವನ ಮೌಸಿನ ತಂತಿ ಅವನ ಕಾಲಬೆರಳಿಗೆ ಕಟ್ಟೇತಿ ಯವ್ವಾ," ಎಂದಳು ಅಜ್ಜಿ. "ಬ್ಯಾರೆಯವರು ಮುಟ್ಟಿದರ ಎಚ್ಚರಾಗತಾನ. ನಿನಗ ತಂತಿ ಇಲ್ಲದ್ದ ಬೇಕು. ಆದರ ಚಂದ ನೋಡಿ ಆರಿಸಬ್ಯಾಡ, ನಿನ್ನ ಕೈಯನ್ನ ಕೇಳು."

ಅಜ್ಜಿ ಮೂರು ಮೌಸ್ ಇಟ್ಟಳು. ಮೊದಲನೆಯದು ಬಂಗಾರದ್ದು, ಹಾವಿನಂತೆ ಬಳುಕಿದ್ದು. ನಿಂಗವ್ವ ಎಡಗೈ ಇಟ್ಟಳೋ ಇಲ್ಲವೋ, "ನಾನು ಬಲಗೈಯವರಿಗೆ ಮಾತ್ರ!" ಎಂದು ಅದು ಚೀರಿತು. ಹೌಹಾರಿ ಕೈ ತೆಗೆದಳು. ಎರಡನೆಯದು ಏಳು ಬಣ್ಣದಲ್ಲಿ ಮಿನುಗುತ್ತಿತ್ತು. ಹಿಡಿದು ಮೂರು ಸಲ ಆಡಿಸುವಷ್ಟರಲ್ಲಿ, "ಹಸಿವು! ಸೆಲ್ ಹಾಕು!" ಎಂದು ಕಣ್ಣು ಮುಚ್ಚಿತು. ಮೂರನೆಯದು ಕರಿಯದು, ಒಂದು ಹೊಳಪಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಆಕಾರ. ಅಂಗೈಯಲ್ಲಿ ಸುಮ್ಮನೆ ಕೂತಿತು.

"ಇದ ಸಾಕಜ್ಜಿ," ಎಂದಳು ನಿಂಗವ್ವ.

"ಶ್ಯಾಣ್ಯಾಕಿ! ಇದರ ಹೊಟ್ಟ್ಯಾಗ ಉಗುರಿನಷ್ಟ ಒಂದು ತುಂಡು ಐತಿ. ಅದನ್ನ ಪರದೆಯ ಪೆಟ್ಟಿಗಿಗೆ ಚುಚ್ಚು. ಹತ್ತು ಹೆಜ್ಜಿ ಮೀರಿ ದೂರ ಹೋಗಬ್ಯಾಡ."

ಸೋನೆಗಿರಿಯಲ್ಲಿ ಪೂಜೆ ಮಾಡದೆ ಸೂಜಿಯನ್ನೂ ಬಳಸುವುದಿಲ್ಲ. ಮಾರನೆಯ ದಿನ ನಿಂಗವ್ವ ಮಗ್ಗಕ್ಕೆ ಮಾಡುವಂತೆ ಮೌಸಿಗೂ ಊದುಬತ್ತಿ ಬೆಳಗಿದಳು. ಬೆನ್ನಿಗೆ ಕುಂಕುಮ ಹಚ್ಚಿದರೆ ಅಂಗೈ ತಾಗಿ ಅಳಿಸೀತೆಂದು ಹೊಟ್ಟೆಯ ನಟ್ಟನಡುವೆ ದಪ್ಪಗೆ ಹಚ್ಚಿ, ಕೈಮುಗಿದು ಹೊರಟಳು.

ಕರಾಳಕೇತ ಮಧ್ಯಾಹ್ನದ ಊಟ ಹೊಡೆದು ಸಿಂಹಾಸನದಲ್ಲಿ ಗೊರಕೆ ಹೊಡೆಯುತ್ತಿದ್ದ. ನಿಂಗವ್ವ ಪರದೆಗೆ ಕಾಣದಂತೆ ಬದಿಯಿಂದ ತೆವಳಿ ಪೆಟ್ಟಿಗೆಗೆ ತುಂಡು ಚುಚ್ಚಿದಳು. ಮೌಸನ್ನು ಮೇಜಿನ ಮೇಲಿಟ್ಟು ಆಡಿಸಿದಳು. ಬಾಣ ಅಲುಗಲಿಲ್ಲ! ತಿರುಗಿಸಿ ನೋಡಿದರೆ ಹೊಟ್ಟೆಯಲ್ಲಿದ್ದ ಚಾಲೂ ಮಾಡುವ ಗುಂಡಿಯನ್ನೇ ಒತ್ತಿರಲಿಲ್ಲ. ಒತ್ತಿದಳು. ಆಡಿಸಿದಳು. ಆದರೂ ಅಲುಗಲಿಲ್ಲ! ಮಾಂತ್ರಿಕ ಮಗ್ಗುಲಾದ. ಮೇಜು ಗಾಜಿನದು, ಮೌಸಿಗೆ ನೆಲವೇ ಕಾಣದೇನೋ ಎಂದುಕೊಂಡು ಹೆಗಲ ಕಂಬಳಿ ಮಡಚಿ ಹಾಸಿದಳು. ಆಡಿಸಿದಳು. ಊಹೂಂ! ಬುಟ್ಟಿಯೊಳಗಿನ ಪುಟ್ಟ ಮಾಳಪ್ಪ ಬಾಯಿ ಬಡಿದುಕೊಳ್ಳುತ್ತ ತನ್ನ ಹೊಟ್ಟೆಯನ್ನೇ ತೋರಿಸುತ್ತಿದ್ದ. ಇಂಥ ಹೊತ್ತಲ್ಲೂ ಇವನಿಗೆ ಹಸಿವೇ ಎಂದು ನಿಂಗವ್ವನಿಗೆ ಸಿಟ್ಟು ಬಂತು. ಮರುಗಳಿಗೆ ಹೊಳೆಯಿತು. ಮೌಸ್ ಮಗುಚಿದಳು. ಅಯ್ಯೋ ಶಿವನೇ, ಹೊಟ್ಟೆಯ ಬೆಳಕಿನ ಕಣ್ಣಿಗೇ ಕುಂಕುಮ ಮೆತ್ತಿದ್ದಳು!

ಸೆರಗಿನಿಂದ ಒರೆಸಿದಳು. ಬಾಣ ಚಂಗನೆ ಹಾರಿತು. ಬುಟ್ಟಿಯಿಂದ ಗಂಡನನ್ನು ಹಿಡಿದು ಪರದೆಯ ಅಂಚಿನಾಚೆ ಎಳೆದಳು. ಧಡಾರ್! ಮಾಳಪ್ಪ ಆಳೆತ್ತರವಾಗಿ ನೆಲಕ್ಕೆ ಬಿದ್ದ.

ಸದ್ದಿಗೆ ಮಾಂತ್ರಿಕ ಎದ್ದು ತನ್ನ ಮೌಸಿಗೆ ಕೈಹಾಕಿದ. ಇಬ್ಬರು ಆಡಿಸಿದರೂ ಬಾಣ ಒಂದೇ! ಅವನು ಇತ್ತ ಎಳೆದ, ಇವಳು ಅತ್ತ ಎಳೆದಳು. ನಿಂಗವ್ವ ಗಂಡನನ್ನು ದಬ್ಬಿಕೊಂಡು ಒಂಬತ್ತು ಹೆಜ್ಜೆ ಎಣಿಸಿ ಕಂಬದ ಮರೆಗೆ ಕೂತಳು. ತೊಡೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಮೌಸ್.

"ತಂತಿಯಿಲ್ಲದೆ ಹೇಗೆ ಆಡಿಸುತ್ತೀಯೆ?" ಎಂದು ಬೆಕ್ಕಸಬೆರಗಾದ ಮಾಂತ್ರಿಕ ಅವಳತ್ತ ನುಗ್ಗಿದ. ಕಾಲಬೆರಳಿನ ತಂತಿ ಬಿಗಿಯಿತು. ಮುಗ್ಗರಿಸಿ ಪರದೆಯ ಮುಂದೆಯೇ ಬಿದ್ದ. ಅವನ ಪ್ರತಿಬಿಂಬ ಮೂಡಿದ್ದೇ ತಡ, ನಿಂಗವ್ವ ಟಕ್ಕೆಂದು ಒತ್ತಿ ಬುಟ್ಟಿಗೆ ಎಳೆದು ಹಾಕಿದಳು.

"ಖಾಲಿ ಮಾಡಲೇ? ಮತ್ತೆ ಸಿಗುವುದಿಲ್ಲ," ಎಂದು ಪರದೆ ಕೇಳಿತು.

"ಮಾಡು," ಎಂದಳು. ಎಡಗೈ ಗುಂಡಿ ಒತ್ತಿತು.

ರಾಜ, ಮಂತ್ರಿ, ಎಲ್ಲರನ್ನೂ ಒಬ್ಬೊಬ್ಬರಾಗಿ ಎಳೆದು ಹೊರಹಾಕುವಷ್ಟರಲ್ಲಿ ಸಂಜೆಯಾಯಿತು. ಪರದೆಯನ್ನು ಒಡೆದು ಹಾಕಿದರು. ಸೋನೆಗಿರಿ ಸುಖವಾಯಿತು, ಬೆಳೆ ಬಂತು, ಮದುವೆಗಳಾದವು. ಮೌಸಿಗೆ ವರ್ಷಕ್ಕೊಮ್ಮೆ ಪೂಜೆಯಾಗುತ್ತದೆ, ಕುಂಕುಮ ಮಾತ್ರ ಬೆನ್ನಿಗೆ.

ಅಂದು ಊಟಕ್ಕೆ ಕೂತಾಗ ನಿಂಗವ್ವ ಅಭ್ಯಾಸದಂತೆ ಎಡಗೈಯಲ್ಲಿ ರೊಟ್ಟಿ ಮುರಿದಳು, ಗಂಡ ಬೈದಾನೆಂದು ಥಟ್ಟನೆ ಕೈ ಹಿಂದೆಳೆದಳು. ಮಾಳಪ್ಪ ಆ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ಇದರಾಗ ಉಣ್ಣ," ಎಂದ, "ನನಗೂ ಒಂದು ತುತ್ತು ಹಾಕು."