ಬಂಡೆಯೊಳಗಿನ ಎದೆಬಡಿತ

ಇಳಕಲ್ಲಿನ ಕಲ್ಲುಗಣಿ ಕುಸಿದು ಹತ್ತೊಂಬತ್ತು ತಾಸು ಕಳೆದಿದ್ದವು. ಬಂಡೆಗೆ ಆನಿಸಿಟ್ಟ ಉಪಕರಣದ ಪರದೆಯ ಮೇಲೆ ಮೂರು ಸಣ್ಣ ಅಲೆಗಳು ಎದ್ದು ಬೀಳುತ್ತಿದ್ದವು. ವಿಜ್ಞಾನಿ ಗಂಗಾಂಬಿಕೆ ಕೊಣ್ಣೂರ ಅವುಗಳಿಂದ ಕಣ್ಣು ಕೀಳದೆ ಹೇಳಿದರು: "ಮೂವರೂ ಅದಾರ. ಎಡಕಿನಾಂವನ ಬಡಿತ ಸೋತೈತಿ, ಮೊದಲ ಅವನ ಕಡೆ ಕೊರೀರಿ."

ಹೃದಯ ಮಿಡಿದಾಗಲೆಲ್ಲ ದೇಹ ಕಂಪಿಸುತ್ತದೆ. ಆ ಕಂಪನ, ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟೇ ಆದರೂ, ಕಲ್ಲಿನಲ್ಲಿ ಹರಿಯುತ್ತದೆ. ಅದನ್ನು ಹಿಡಿಯಲು ಅವರಿಗೆ ಇಪ್ಪತ್ತೈದು ವರ್ಷ ಬೇಕಾಯಿತು. ತೊಡಕು ಒಂದೇ: ಕೊರೆಯುವ ಕೆಲಸ ನಿಲ್ಲಿಸುವಂತಿರಲಿಲ್ಲ, ಮೇಲೆ ನಿಂತ ರಕ್ಷಕರ ಎದೆಬಡಿತವೇ ಜೋರಾಗಿ ಕೇಳಿ, ಕೆಳಗಿನವರದು ಮುಳುಗಿಹೋಗುತ್ತಿತ್ತು. ಅದಕ್ಕೆಂದೇ ಕೆಲಸಕ್ಕಿಳಿಯುವ ಮುನ್ನ ಪ್ರತಿಯೊಬ್ಬನೂ ಉಪಕರಣದ ಫಲಕದ ಮೇಲೆ ಅಂಗೈಯೂರಿ ಅರೆನಿಮಿಷ ನಿಲ್ಲುತ್ತಿದ್ದ. ಬೆರಳಚ್ಚಿನಂತೆ ಮಿಡಿತವೂ ಒಬ್ಬೊಬ್ಬರದು ಒಂದೊಂದು ಬಗೆ. ನೋಂದಾಯಿಸಿದ ಮಿಡಿತಗಳನ್ನು ಯಂತ್ರ ಕಳೆದುಬಿಟ್ಟರೆ, ಉಳಿಯುವುದು ಸಿಕ್ಕಿಬಿದ್ದವರದು. ಗಣಿಯ ಮೇಸ್ತ್ರಿ ಇಮಾಮಸಾಬ ನದಾಫ ಇದನ್ನು 'ಎದಿ ಬರಸೋದು' ಎನ್ನುತ್ತಿದ್ದ.

ಸಂಜೆಯೊಳಗೆ ಮೂವರೂ ಜೀವಂತವಾಗಿ ಹೊರಬಂದರು.

"ಬಾಯಾರ, ನನ್ನ ಹೆಂಡತಿಗೂ ಗೊತ್ತಿಲ್ಲದ ಎದಿ ನಿಮಗ ಗೊತ್ತೈತಿ ನೋಡ್ರಿ," ಎಂದ ಇಮಾಮಸಾಬ.

"ಆಕಿ ಮುಂದ ಹೇಳಾಕ ಹೋಗಬ್ಯಾಡೋ ಮಾರಾಯಾ," ಎಂದು ಅವರೂ ನಕ್ಕರು.

ಮುಂದಿನ ವಾರ ಧಾರವಾಡದ ಅವರ ಪ್ರಯೋಗಾಲಯಕ್ಕೆ ಸೇನೆಯ ಕರ್ನಲ್ ಪೊನ್ನಪ್ಪ ಬಂದರು. ಮೆದುಮಾತಿನ ಮನುಷ್ಯ.

"ಗುಡ್ಡಗಳ ಮೇಲೆ ಉದುರಿಸೋ ಸ್ಫೋಟಕಕ್ಕೆ ಇದನ್ನ ಕೂಡಿಸಬೇಕು, ಮೇಡಂ. ಬಂಡೆಗೆ ಕಚ್ಚಿಕೊಂಡು ಆಲಿಸುತ್ತೆ. ನಮ್ಮ ಸೈನಿಕರ ಮಿಡಿತ ನೋಂದಾಯಿಸಿರ್ತೀವಿ. ಗುಹೆಯೊಳಗೆ ಬೇರೆ ಮಿಡಿತ ಕೇಳಿದರೆ ಸಿಡಿಯುತ್ತೆ."

"ಆ ಬೇರೆಯವರೊಳಗ ಕುರಿ ಕಾಯೋರಿರಬಹುದು. ಬಾಣಂತಿ ಇರಬಹುದು."

"ಇರಬಹುದು," ಎಂದು ಕರ್ನಲ್ ಒಪ್ಪಿದರು. ಆ ಪ್ರಾಮಾಣಿಕತೆಯೇ ಗಂಗಾಂಬಿಕೆಯವರನ್ನು ಹೆಚ್ಚು ನೋಯಿಸಿತು.

"ಕೆಳಗ ಬಿದ್ದವರನ್ನ ಮ್ಯಾಲೆ ತರಾಕ ಕಟ್ಟಿದ್ದು ಇದು. ನಾ ಮಾಡೂದಿಲ್ಲ."

"ನೀವೇ ಮಾಡಬೇಕು ಅಂತಿಲ್ಲ, ಮೇಡಂ. ಗೌರವಕ್ಕೆ ಕೇಳಿದೆ. ನೋಂದಾಯಿಸಿದ ಮಿಡಿತ ಕಳೆಯೋ ವಿಧಾನ ನಿಮ್ಮ ಪ್ರಬಂಧದಲ್ಲೇ ಇದೆಯಲ್ಲ."

ಇತ್ತು. ಎಲ್ಲ ದೇಶಗಳ ರಕ್ಷಕರಿಗೂ ದಕ್ಕಲೆಂದು ಅವರೇ ಅದನ್ನು ಮುಕ್ತವಾಗಿ ಪ್ರಕಟಿಸಿ ಹೆಮ್ಮೆಪಟ್ಟಿದ್ದರು. ಈಗ ರಾಜೀನಾಮೆ ಕೊಟ್ಟರು. ಪತ್ರಿಕೆಗಳು ಕೊಂಡಾಡಿದವು. ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಎರಡು ವರ್ಷಗಳ ಬಳಿಕ ಯುದ್ಧ ಬಂತು. ಗಡಿಯ ಗುಡ್ಡವೊಂದರ ಗುಹೆಯಲ್ಲಿ ಆಸರೆ ಪಡೆದಿದ್ದ ಇಡೀ ಊರು, ಮಿಡಿತ ಆಲಿಸಿ ಸಿಡಿಯುವ ಸ್ಫೋಟಕಕ್ಕೆ ಸಿಕ್ಕಿ ಸತ್ತುಹೋಯಿತು. ಆ ಊರು ಯಾರದೆಂದು ಎರಡೂ ದೇಶಗಳು ಬಾಯಿಬಿಡಲಿಲ್ಲ.

ಅದೇ ವರ್ಷ ಇಳಕಲ್ಲಿನಲ್ಲಿ ಮತ್ತೆ ಬಂಡೆ ಕುಸಿದು ಒಬ್ಬ ಸಿಕ್ಕಿಕೊಂಡ. ಕರೆ ಬಂದೊಡನೆ ಗಂಗಾಂಬಿಕೆ ಹಳೆಯ ಉಪಕರಣ ಹೊತ್ತು ಹೋದರು. ಫಲಕದ ಬಳಿಗೆ ಯಾರೂ ಬರಲಿಲ್ಲ.

"ಸಿಟ್ಟಾಗಬ್ಯಾಡ್ರಿ ಬಾಯಾರ," ಎಂದ ಇಮಾಮಸಾಬ, ನೆಲ ನೋಡುತ್ತ. "ನಮ್ಮ ಮಂದಿ ಎದಿ ಬರಸೂದಿಲ್ಲ ಅಂತಾರ. ಅದು ಯಾವ ಪಟ್ಟಿಗೆ ಹೋಗತೈತೋ ಯಾರಿಗ್ಗೊತ್ತು?"

"ನನ್ನ ಮ್ಯಾಲೂ ನಂಬಿಕಿ ಇಲ್ಲೇನು?"

"ನಿಮ್ಮ ಮ್ಯಾಲ ಐತ್ರಿ. ಅದರ ಮ್ಯಾಲ ಇಲ್ಲ."

ಪರದೆಯ ತುಂಬ ರಕ್ಷಕರದೇ ಅಲೆಗಳು. ಅಂದಾಜಿನ ಮೇಲೆ ಕೊರೆದರು. ಮೂರನೆಯ ದಿನ ಆತ ಸಿಕ್ಕಾಗ ಉಸಿರು ನಿಂತಿತ್ತು. ಮೈ ಇನ್ನೂ ಬೆಚ್ಚಗಿತ್ತು.

ಕೆಲವು ತಿಂಗಳ ತರುವಾಯ ವಿಶ್ವವಿದ್ಯಾಲಯವೊಂದು ಗಂಗಾಂಬಿಕೆಯವರನ್ನು ಅವರ ನಿರಾಕರಣೆಯ ಕುರಿತು ಉಪನ್ಯಾಸ ನೀಡಲು ಆಹ್ವಾನಿಸಿತು. ಸಿದ್ಧತೆಗೆಂದು ಹಳೆಯ ಕಡತ ಬಿಚ್ಚಿದಾಗ ಮೊದಲ ಸಂಶೋಧನಾ ಅರ್ಜಿ ಕೈಗೆ ಬಂತು. ೨೦೨೬ನೆಯ ಇಸವಿಯದು. ಒಂಬತ್ತನೆಯ ಅಂಕಣದಲ್ಲಿ ಒಂದು ಪ್ರಶ್ನೆಯಿತ್ತು: 'ಈ ಸಂಶೋಧನೆಯಿಂದಾಗಬಹುದಾದ ಇತರ ಉಪಯೋಗಗಳೇನು?' ಅದರೆದುರು, ಅವರದೇ ದುಂಡನೆಯ ಅಕ್ಷರಗಳಲ್ಲಿ, 'ಅನ್ವಯಿಸುವುದಿಲ್ಲ' ಎಂದಿತ್ತು.

ಅದನ್ನು ಬರೆದ ಬೆಳಗು ಅವರಿಗೆ ಚೆನ್ನಾಗಿ ನೆನಪಿತ್ತು. ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಅರ್ಜಿಗೆ ಅದು ಕೊನೆಯ ದಿನ, ಹೊರಗೆ ಯಾರೋ ಚಹಕ್ಕೆ ಕರೆಯುತ್ತಿದ್ದರು. ಎಷ್ಟು ನೆನೆದರೂ, ಒಂಬತ್ತನೆಯ ಅಂಕಣದ ಮುಂದೆ ಲೇಖನಿ ಒಂದು ಕ್ಷಣವಾದರೂ ನಿಂತದ್ದು ಮಾತ್ರ ನೆನಪಾಗಲಿಲ್ಲ.